ಮುಸುಕಿನ ಜೋಳದ ಬೇಸಾಯ: ಕಳೆ ಮತ್ತು ರೋಗಗಳ ನಿರ್ವಹಣೆ
(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಪೀಠಿಕೆ

ಸಂವಿಧಾನದ 73ನೆಯ ತಿದ್ದುಪಡಿಯ ಮೂಲಕ ಸೇರಿದ 11ನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಅವುಗಳಲ್ಲಿ ಮೊದಲನೆಯದು ಕೃಷಿ ಮತ್ತು ಕೃಷಿ ವಿಸ್ತರಣೆ. ಆದರೂ ರಸ್ತೆ, ಚರಂಡಿ, ಕುಡಿಯುವ ನೀರು, ಬೀದಿ ದೀಪಗಳ ಚರ್ಚೆಯಲ್ಲಿ ಗ್ರಾಮ ಸಭೆಯ ಸಮಯ ಮುಗಿದು, ಬೆಳೆಯ ವಿಷಯ ರೈತನ ಮನೆಯ ಚಿಂತೆಯಾಗಿಯೇ ಉಳಿಯುವುದು ವಾಡಿಕೆ. ಕಳೆ ಮತ್ತು ರೋಗಗಳ ಮಟ್ಟಿಗೆ ಈ ವಾಡಿಕೆ ನಷ್ಟಕ್ಕೆ ದಾರಿ. ಒಬ್ಬ ರೈತನ ಹೊಲದ ಕಳೆಯ ಬೀಜ ಗಾಳಿ ನೀರುಗಳೊಡನೆ ಪಕ್ಕದ ಹೊಲಕ್ಕೆ ಹೋಗುತ್ತದೆ. ಒಂದು ತಾಕಿನ ರೋಗದ ಬೀಜಕಣಗಳು ಇಡೀ ಊರಿನ ಬೆಳೆಯ ಮೇಲೆ ಬೀಳುತ್ತವೆ. ಆದುದರಿಂದ ಇವುಗಳ ಹತೋಟಿಯ ಒಂದು ಭಾಗ ರೈತನದಾದರೆ ಇನ್ನೊಂದು ಭಾಗ ಊರಿನದು. ಎರಡೂ ಭಾಗಗಳನ್ನು ಸದಸ್ಯರು ತಿಳಿದಿರಬೇಕೆಂಬುದು ಈ ಪಾಠದ ಉದ್ದೇಶ.

1. ಪ್ರದೇಶ ಮತ್ತು ಬೆಳೆ

ಬೆಂಗಳೂರು ಉತ್ತರ ಭಾಗದ ಅಬ್ಬಿಗೆರೆಯು ಕೆರೆಯ ಹೆಸರನ್ನೇ ಹೊತ್ತ ಹಳೆಯ ಊರು. ಇಂದು ಅಲ್ಲಿ ಬಡಾವಣೆಗಳು, ಸಣ್ಣ ಕೈಗಾರಿಕೆಯ ಶೆಡ್ಡುಗಳು ಬಹುಪಾಲು ನೆಲವನ್ನು ಆವರಿಸಿವೆ. ಚಿಕ್ಕಬಾಣಾವರ, ಸೋಮಶೆಟ್ಟಿಹಳ್ಳಿಗಳನ್ನು ದಾಟಿ ಹೆಸರಘಟ್ಟ, ಶಿವಕೋಟೆ, ಕಾಕೋಳು, ರಾಜಾನುಕುಂಟೆಗಳ ಕಡೆಗೆ ಸಾಗಿದಂತೆ ಕೆಂಪು ಮಣ್ಣಿನ ಹೊಲಗಳು ಕಾಣಿಸುತ್ತವೆ. ರಾಗಿ, ಅವರೆಗಳ ಈ ಸೀಮೆಯಲ್ಲಿ ಮುಸುಕಿನ ಜೋಳಕ್ಕೆ ಮೂರು ಉಪಯೋಗಗಳಿವೆ: ಕಾಳಿಗಾಗಿ, ಹಸಿ ತೆನೆಗಾಗಿ ಮತ್ತು ಹಸುವಿನ ಹಸಿರು ಮೇವಿಗಾಗಿ. ನಗರದ ಮಾರುಕಟ್ಟೆ ಹತ್ತಿರವಿರುವುದರಿಂದ ಹಸಿ ತೆನೆಗೆ ಬೇಡಿಕೆ ಇದೆ. ಹಾಲಿನ ಡೇರಿಗೆ ಹಾಲು ಹಾಕುವ ಮನೆಗಳಿಗೆ ಮೇವು ಅನಿವಾರ್ಯ.

ಸದಸ್ಯರು ಮುಖ್ಯವಾಗಿ ಗಮನಿಸಬೇಕಾದುದು ಇಲ್ಲಿನ ಹವೆಯನ್ನು. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಪ್ರಸ್ಥಭೂಮಿಯಲ್ಲಿ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳು ತಂಪಾಗಿರುತ್ತವೆ. ಮೋಡ, ತುಂತುರು, ಬೆಳಗಿನ ಇಬ್ಬನಿ ಸಾಮಾನ್ಯ. ಮನುಷ್ಯರಿಗೆ ಹಿತವಾದ ಈ ಹವೆಯೇ ಮುಸುಕಿನ ಜೋಳದ ಎಲೆ ಅಂಗಮಾರಿ, ತುಕ್ಕು ಮತ್ತು ಕೇದಿಗೆ ರೋಗಗಳಿಗೂ ಹಿತವಾದುದು. ಬಿಸಿಲು ನಾಡಿನ ರೈತನಿಗೆ ಅಷ್ಟಾಗಿ ಕಾಡದ ಎಲೆರೋಗಗಳು ಇಲ್ಲಿ ಕಾಡುವುದಕ್ಕೆ ಇದೇ ಕಾರಣ.

ನಷ್ಟದ ಅಳತೆಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಎಕರೆಯಲ್ಲಿ 20 ಕ್ವಿಂಟಾಲ್ ಕಾಳು ಬರಬೇಕಾದಲ್ಲಿ ಕಳೆ ಅಥವಾ ರೋಗದಿಂದ ಐದನೆಯ ಒಂದು ಪಾಲು ಹೋಯಿತೆಂದು ಇಟ್ಟುಕೊಳ್ಳೋಣ. ಆಗ ಕಳೆದುಕೊಂಡದ್ದು 4 ಕ್ವಿಂಟಾಲ್. 2025-26ನೆಯ ಸಾಲಿನ ಕನಿಷ್ಠ ಬೆಂಬಲ ಬೆಲೆಯಾದ ಕ್ವಿಂಟಾಲಿಗೆ 2,400 ರೂಪಾಯಿಯಂತೆ ಲೆಕ್ಕ ಹಾಕಿದರೆ ಅದು 9,600 ರೂಪಾಯಿ. ಉಳುಮೆ, ಬೀಜ, ಗೊಬ್ಬರಗಳ ಖರ್ಚು ಮಾತ್ರ ಕಡಿಮೆಯಾಗಿರುವುದಿಲ್ಲ. ಹೀಗಾಗಿ ಹೋದದ್ದೆಲ್ಲ ರೈತನ ಲಾಭದ ಭಾಗದಿಂದಲೇ ಹೋಗಿರುತ್ತದೆ.

2. ಬಿತ್ತನೆಯಲ್ಲೇ ಆರಂಭವಾಗುವ ಹತೋಟಿ

ಕಳೆ ಮತ್ತು ರೋಗಗಳ ನಿರ್ವಹಣೆ ಔಷಧಿ ಅಂಗಡಿಯಲ್ಲಿ ಆರಂಭವಾಗುವುದಿಲ್ಲ. ತಳಿಯ ಆಯ್ಕೆ, ಬಿತ್ತನೆಯ ಕಾಲ ಮತ್ತು ಸಾಲಿನ ಅಂತರದಲ್ಲಿ ಆರಂಭವಾಗುತ್ತದೆ.

ತಳಿ: 1964ರಲ್ಲಿ ಆರಂಭವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹೆಬ್ಬಾಳ ಮತ್ತು ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ಕೆಲಸ ಮಾಡುತ್ತಿದೆ. ಇದರ ಸಂಶೋಧನಾ ಕೇಂದ್ರಗಳಿಂದ ಹೇಮ, ನಿತ್ಯಶ್ರೀ, ಎಂ.ಎ.ಎಚ್. 14-5 ಮೊದಲಾದ ಸಂಕರಣ ತಳಿಗಳು ಬಂದಿವೆ. ಮೇವಿಗೆ ಆಫ್ರಿಕನ್ ಟಾಲ್ ತಳಿ ಪ್ರಸಿದ್ಧ. ಯಾವ ತಳಿಯನ್ನೇ ಕೊಳ್ಳಲಿ, ಎಲೆ ಅಂಗಮಾರಿ ಮತ್ತು ಕೇದಿಗೆ ರೋಗಗಳನ್ನು ಅದು ತಡೆದುಕೊಳ್ಳುತ್ತದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಯೇ ಕೊಳ್ಳತಕ್ಕದ್ದು. ಸಂಕರಣ ತಳಿಯ ಕಾಳನ್ನು ಮರುವರ್ಷ ಬೀಜವಾಗಿ ಬಳಸಿದರೆ ಇಳುವರಿ ಕುಗ್ಗುತ್ತದೆ, ಬೆಳೆ ಒಂದೇ ಸಮನಾಗಿ ಬರುವುದಿಲ್ಲ.

ಕಾಲ: ಮಳೆಯಾಶ್ರಿತ ಮುಂಗಾರು ಬಿತ್ತನೆಗೆ ಮೃಗಶಿರ, ಆರಿದ್ರಾ ಮಳೆಗಳ ಕಾಲ, ಅಂದರೆ ಜೂನ್ ಎರಡನೆಯ ವಾರದಿಂದ ಜುಲೈ ಆರಂಭದವರೆಗೆ ಪ್ರಶಸ್ತ. ಆಶ್ಲೇಷ, ಮಘೆಗಳಿಗೆ ತಳ್ಳಿದ ಬಿತ್ತನೆಯಲ್ಲಿ ಎಳೆಯ ಪೈರು ತಂಪು ಮತ್ತು ತೇವದ ದಿನಗಳಿಗೆ ಸಿಕ್ಕಿ ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ.

ಬೀಜೋಪಚಾರ: ಎಕರೆಗೆ ಸುಮಾರು 6 ಕೆ.ಜಿ. ಬೀಜ ಬೇಕು. ಕೇದಿಗೆ ರೋಗ ಹಿಂದೆ ಕಂಡುಬಂದ ಹೊಲವಾದರೆ ಪ್ರತಿ ಕೆ.ಜಿ. ಬೀಜಕ್ಕೆ 6 ಗ್ರಾಂನಂತೆ ಮೆಟಲಾಕ್ಸಿಲ್ ಬೀಜೋಪಚಾರ ಪುಡಿಯನ್ನು ಲೇಪಿಸಬೇಕು. ಅಂಗಡಿಯ ಸಂಕರಣ ಬೀಜಕ್ಕೆ ಬಣ್ಣದ ಲೇಪನವಿದ್ದರೆ ಉಪಚಾರ ಮೊದಲೇ ಆಗಿದೆ ಎಂದರ್ಥ. ಯಾವ ಔಷಧಿಯಿಂದ ಆಗಿದೆ ಎಂಬುದನ್ನು ಪೊಟ್ಟಣದ ಮೇಲೆ ಓದಬೇಕು. ಉಳಿದ ಬಣ್ಣದ ಬೀಜವನ್ನು ಕೋಳಿಗಾಗಲಿ ದನಕ್ಕಾಗಲಿ ಹಾಕಕೂಡದು.

ಅಂತರ: ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಅಂತರವಿದ್ದರೆ ಎಕರೆಗೆ ಸುಮಾರು 22,000 ಗಿಡಗಳು ನಿಲ್ಲುತ್ತವೆ. ಗುಣಿಗೆ ಒಂದೇ ಗಿಡ ಉಳಿಸಬೇಕು. ಒತ್ತೊತ್ತಾಗಿ ಬೆಳೆದಲ್ಲಿ ಗಾಳಿಯಾಡದೆ ಎಲೆಯ ತೇವ ಮಧ್ಯಾಹ್ನದವರೆಗೂ ಆರುವುದಿಲ್ಲ. ರೋಗದ ಬೀಜಕಣ ಮೊಳೆಯಲು ಬೇಕಾದುದು ಆ ತೇವವೇ.

ಗೊಬ್ಬರ: ಮಳೆಯಾಶ್ರಿತ ಬೆಳೆಗೆ ಎಕರೆಗೆ 40 ಕೆ.ಜಿ. ಸಾರಜನಕ, 20 ಕೆ.ಜಿ. ರಂಜಕ, 10 ಕೆ.ಜಿ. ಪೊಟ್ಯಾಷ್ ಎಂಬುದು ಸಾಮಾನ್ಯ ಶಿಫಾರಸು. ಇದನ್ನು ಚೀಲದ ಲೆಕ್ಕಕ್ಕೆ ತಂದರೆ ಬಿತ್ತನೆಯಲ್ಲಿ ಡಿ.ಎ.ಪಿ. ಸುಮಾರು 43 ಕೆ.ಜಿ., ಯೂರಿಯಾ 26 ಕೆ.ಜಿ., ಮ್ಯೂರಿಯೇಟ್ ಆಫ್ ಪೊಟ್ಯಾಷ್ 17 ಕೆ.ಜಿ. ಆಗುತ್ತದೆ. 30 ದಿನಗಳ ನಂತರ ಮಣ್ಣು ಏರಿಸುವಾಗ ಇನ್ನು ಸುಮಾರು 43 ಕೆ.ಜಿ., ಅಂದರೆ ಹೆಚ್ಚುಕಡಿಮೆ 45 ಕೆ.ಜಿ.ಯ ಒಂದು ಚೀಲ ಯೂರಿಯಾ ಮೇಲುಗೊಬ್ಬರವಾಗಿ ಬೇಕು. ಎರಡು ವಾರ ಮೊದಲೇ ಕೊಟ್ಟಿಗೆ ಗೊಬ್ಬರ ಸೇರಿಸಿರಬೇಕು. ಮಣ್ಣು ಪರೀಕ್ಷೆಯ ಚೀಟಿ ಇದ್ದವರು ಅದರಂತೆ ಪ್ರಮಾಣವನ್ನು ಹೊಂದಿಸಿಕೊಳ್ಳಬೇಕು. ಯೂರಿಯಾ ಮಾತ್ರ ಸುರಿದು ಪೊಟ್ಯಾಷ್ ಬಿಡುವ ರೂಢಿ ಅನೇಕ ಕಡೆ ಇದೆ. ಹಾಗೆ ಬೆಳೆದ ಗಿಡ ಹಚ್ಚಗೆ ಕಂಡರೂ ಅದರ ಕಾಂಡ ಮೆತ್ತಗಾಗಿ ಕೊಳೆರೋಗಕ್ಕೆ ಬಲಿಯಾಗುತ್ತದೆ.

3. ಕಳೆಗಳು

ಮುಸುಕಿನ ಜೋಳದ ಸಾಲುಗಳು ದೂರ. ಮೊದಲ ತಿಂಗಳಲ್ಲಿ ಅದರ ಬೆಳವಣಿಗೆ ನಿಧಾನ. ಸಾಲುಗಳ ನಡುವಿನ ಬಯಲಿಗೆ ಬಿಸಿಲು ಬೀಳುವುದರಿಂದ ಕಳೆಗಳು ಬೆಳೆಗಿಂತ ಮೊದಲು ಏಳುತ್ತವೆ. ಬಿತ್ತಿದ ದಿನದಿಂದ ಮೊದಲ 30ರಿಂದ 45 ದಿನಗಳು ನಿರ್ಣಾಯಕ. ಆ ಅವಧಿಯಲ್ಲಿ ಹೊಲ ಕಳೆರಹಿತವಾಗಿದ್ದರೆ ಮುಂದೆ ಬೆಳೆಯ ನೆರಳೇ ಕಳೆಯನ್ನು ಅದುಮುತ್ತದೆ. ಆ ಅವಧಿ ಮೀರಿದ ಮೇಲೆ ಕಳೆ ಕಿತ್ತರೂ ಕಳೆ ತಿಂದ ಗೊಬ್ಬರ ಹಿಂದಿರುಗುವುದಿಲ್ಲ, ಕೂಲಿಯ ಹಣವೂ ವ್ಯರ್ಥವಾಗುತ್ತದೆ.

ಈ ಭಾಗದ ಹೊಲಗಳ ಕಳೆಗಳನ್ನು ಮೂರು ಗುಂಪು ಮಾಡಬಹುದು. ಗರಿಕೆ ಮೊದಲಾದವು ಹುಲ್ಲಿನ ಜಾತಿ. ಜೇಕು ಗಡ್ಡೆಯ ಜಾತಿ. ಅಣ್ಣೆಸೊಪ್ಪು, ಗೋಣಿಸೊಪ್ಪು, ಉತ್ತರಾಣಿ, ಕಾಂಗ್ರೆಸ್ ಗಿಡವೆಂದು ಹೆಸರಾದ ಪಾರ್ಥೇನಿಯಂ ಇವು ಅಗಲ ಎಲೆಯ ಜಾತಿ. ಈ ಭೇದ ತಿಳಿದಿರಬೇಕು. ಏಕೆಂದರೆ ಒಂದು ಗುಂಪಿಗೆ ನಾಟುವ ಕ್ರಮ ಇನ್ನೊಂದಕ್ಕೆ ನಾಟದು.

ಕೈಗೆಲಸ ಮತ್ತು ಎಡೆಕುಂಟೆ: 15ರಿಂದ 20ನೆಯ ದಿನ ಒಮ್ಮೆ ಎಡೆಕುಂಟೆ ಹೊಡೆದು, ಸಾಲಿನೊಳಗಿನ ಕಳೆಯನ್ನು ಕೈಯಿಂದ ತೆಗೆಯಬೇಕು. 30ರಿಂದ 35ನೆಯ ದಿನ ಮತ್ತೊಮ್ಮೆ ಎಡೆಕುಂಟೆ ಹೊಡೆದು, ಮೇಲುಗೊಬ್ಬರ ಕೊಟ್ಟು ಬುಡಕ್ಕೆ ಮಣ್ಣು ಏರಿಸಬೇಕು. ಎತ್ತುಗಳಿಲ್ಲದ ಸಣ್ಣ ಹಿಡುವಳಿಯವರಿಗೆ ಸೈಕಲ್ ಎಡೆಕುಂಟೆ ಸಾಕು. ಗರಿಕೆ ಮತ್ತು ಜೇಕುಗಳಿಗೆ ಬೇಸಿಗೆಯ ಆಳವಾದ ಉಳುಮೆಯೇ ಮೊದಲ ಮದ್ದು. ಮೇಲೆ ಬಂದ ಗಡ್ಡೆ, ಬೇರುಗಳು ಬಿಸಿಲಿಗೆ ಒಣಗಬೇಕು, ಆಯ್ದು ಹೊರಹಾಕಬೇಕು. ಮಳೆ ಬಿದ್ದ ಮೇಲೆ ರೋಟವೇಟರ್ ಹೊಡೆದರೆ ಗರಿಕೆಯ ತುಂಡು ತುಂಡೂ ಒಂದೊಂದು ಗಿಡವಾಗುತ್ತದೆ.

ಅಕ್ಕಡಿ ಬೆಳೆ: ಮುಸುಕಿನ ಜೋಳದ ಸಾಲುಗಳ ನಡುವೆ ಅಲಸಂದೆ, ಅವರೆಗಳನ್ನು ಬೆಳೆದರೆ ನೆಲ ಬೇಗ ಮುಚ್ಚಿ ಕಳೆ ತಗ್ಗುತ್ತದೆ, ಮೇವಿನ ಸತ್ವವೂ ಹೆಚ್ಚುತ್ತದೆ. ಅಕ್ಕಡಿ ಸಾಲು ಈ ಸೀಮೆಗೆ ಹೊಸದಲ್ಲ. ರಾಗಿ ಹೊಲದ ಹಳೆಯ ಪದ್ಧತಿಯೇ ಇದು.

ಕಳೆನಾಶಕ: ಕೂಲಿ ದೊರೆಯದ ಕಡೆ ಕಳೆನಾಶಕದ ಬಳಕೆ ಹೆಚ್ಚಿದೆ. ಬಳಸುವವರು ಈ ಕೆಳಗಿನ ಅಂಶಗಳನ್ನು ತಪ್ಪದೆ ಪಾಲಿಸಬೇಕು.

(ಅ) ಅಟ್ರಾಜಿನ್ ಶೇ. 50ರ ಪುಡಿಯು ಬಿತ್ತಿದ ದಿನ ಅಥವಾ ಮೂರು ದಿನಗಳೊಳಗೆ, ಕಳೆ ಮೊಳೆಯುವ ಮುನ್ನ, ತೇವವಿರುವ ಮಣ್ಣಿನ ಮೇಲೆ ಸಿಂಪಡಿಸುವಂಥದು. ಮಣ್ಣಿಗೆ ತಕ್ಕಂತೆ ಎಕರೆಗೆ 400ರಿಂದ 800 ಗ್ರಾಂ. ಈ ಭಾಗದ ಮರಳು ಮಿಶ್ರಿತ ಕೆಂಪು ಮಣ್ಣಿಗೆ ಕಡಿಮೆ ಪ್ರಮಾಣವೇ ಸಾಕು. 500 ಗ್ರಾಂ ಪುಡಿಯನ್ನು 300 ಲೀಟರ್ ನೀರಿಗೆ ಬಳಸುವುದಾದರೆ 15 ಲೀಟರಿನ ಕ್ಯಾನಿಗೆ 25 ಗ್ರಾಂ ಬೀಳುತ್ತದೆ, ಎಕರೆಗೆ 20 ಕ್ಯಾನು ಆಗುತ್ತದೆ. ಬೀಸಣಿಗೆಯಾಕಾರವಾಗಿ ಸಿಂಪಡಿಸುವ ನಳಿಕೆ ಬಳಸಿ, ಹಿಂದಕ್ಕೆ ನಡೆಯುತ್ತ, ಸಿಂಪಡಿಸಿದ ಜಾಗವನ್ನು ತುಳಿಯದಂತೆ ಹೊಡೆಯಬೇಕು.

(ಆ) ಅವರೆ, ಅಲಸಂದೆ, ತೊಗರಿಗಳ ಅಕ್ಕಡಿ ಇದ್ದರೆ ಅಟ್ರಾಜಿನ್ ಸಲ್ಲದು. ಅದು ಅಕ್ಕಡಿಯನ್ನೂ ಕೊಲ್ಲುತ್ತದೆ. ಅಂಥ ಹೊಲಕ್ಕೆ ಪೆಂಡಿಮೆಥಾಲಿನ್ ಶೇ. 30ರ ದ್ರಾವಣವನ್ನು ಎಕರೆಗೆ 1 ಲೀಟರಿನಂತೆ, ಬಿತ್ತಿದ ಮೂರು ದಿನಗಳೊಳಗೆ ಬಳಸಬಹುದು.

(ಇ) ಮೊಳೆತ ಕಳೆಗೆ, ಅದು ಎರಡರಿಂದ ನಾಲ್ಕು ಎಲೆಯ ಹಂತದಲ್ಲಿರುವಾಗ, ಟೆಂಬೋಟ್ರಿಯಾನ್ ಶೇ. 34.4ರ ದ್ರಾವಣವನ್ನು ಎಕರೆಗೆ 115 ಮಿ.ಲೀ.ನಂತೆ, ಅದರೊಡನೆ ಕೊಡುವ ಅಂಟು ದ್ರವದೊಂದಿಗೆ ಸಿಂಪಡಿಸಬಹುದು. ಜೇಕು ಅತಿಯಾಗಿರುವಲ್ಲಿ ಹ್ಯಾಲೋಸಲ್ಫ್ಯುರಾನ್ ಮೀಥೈಲ್ ಶೇ. 75ರ ಹರಳು ಎಕರೆಗೆ 36 ಗ್ರಾಂ. ಇವು ಅಕ್ಕಡಿಯಿಲ್ಲದ ಹೊಲಕ್ಕೆ ಮಾತ್ರ.

(ಈ) ಗ್ಲೈಫೋಸೇಟ್ ಹಸಿರೆಲ್ಲವನ್ನೂ ಕೊಲ್ಲುವ ಔಷಧಿ. ಅದನ್ನು ತಾಳಿಕೊಳ್ಳುವ ಮುಸುಕಿನ ಜೋಳದ ತಳಿಗೆ ಭಾರತದಲ್ಲಿ ಬೇಸಾಯದ ಅನುಮತಿ ಇಲ್ಲ. ನಿಂತ ಬೆಳೆಯಲ್ಲಿ ಅದನ್ನು ಬಳಸತಕ್ಕದ್ದಲ್ಲ.

(ಉ) ಕಳೆನಾಶಕಕ್ಕೆ ಬಳಸಿದ ಕ್ಯಾನನ್ನು ತೊಳೆಯದೆ ತರಕಾರಿಗೆ ಬಳಸಿದರೆ ತರಕಾರಿ ಸುಡುತ್ತದೆ. ಸಾಧ್ಯವಾದರೆ ಕಳೆನಾಶಕಕ್ಕೆ ಬೇರೆ ಕ್ಯಾನನ್ನೇ ಇಡಬೇಕು.

ಅಟ್ರಾಜಿನ್ ನೀರಿನೊಡನೆ ಇಳಿದು ಹೋಗುವ ಗುಣವುಳ್ಳದ್ದು. ಐರೋಪ್ಯ ಒಕ್ಕೂಟವು ಅಂತರ್ಜಲದ ಕಾರಣದಿಂದಲೇ 2004ರಲ್ಲಿ ಅದರ ಅನುಮತಿಯನ್ನು ಹಿಂತೆಗೆದುಕೊಂಡಿತು. ಕೆರೆಯ ಅಚ್ಚುಕಟ್ಟು, ರಾಜಕಾಲುವೆಯ ಅಂಚು, ಕುಡಿಯುವ ನೀರಿನ ಕೊಳವೆ ಬಾವಿಯ ಸುತ್ತಮುತ್ತಲ ಹೊಲಗಳಲ್ಲಿ ಎಡೆಕುಂಟೆಯೇ ಮೊದಲ ಆಯ್ಕೆಯಾಗಬೇಕೆಂದು ಸದಸ್ಯರು ರೈತರಿಗೆ ಮನವರಿಕೆ ಮಾಡುವುದು ಒಳಿತು.

4. ಪಾರ್ಥೇನಿಯಂ: ಹೊಲದಾಚೆಯ ಕಳೆ

ನಗರದ ಅಂಚಿನ ಪಂಚಾಯಿತಿಗಳಿಗೆ ಒಂದು ವಿಶೇಷ ತೊಂದರೆ ಇದೆ. ಹೊಲವನ್ನು ನಿವೇಶನಗಳಾಗಿ ಮಾಡಿ ಮಾರಿದ ಮೇಲೆ ಕೊಂಡವರು ದೂರದಲ್ಲಿರುತ್ತಾರೆ. ಮನೆ ಏಳುವವರೆಗೆ ಆ ನೆಲ ಯಾರ ಕೈಗೂ ಸೇರದಂತೆ ಬಿದ್ದಿರುತ್ತದೆ. ಮೊದಲ ಮಳೆಗೆ ಅಲ್ಲಿ ಪಾರ್ಥೇನಿಯಂ ಆಳೆತ್ತರ ಬೆಳೆಯುತ್ತದೆ. ಒಂದೊಂದು ಗಿಡವೂ ಸಾವಿರಾರು ಹಗುರ ಬೀಜಗಳನ್ನು ಉದುರಿಸುತ್ತದೆ. ಎಷ್ಟೇ ಶ್ರದ್ಧೆಯಿಂದ ಕಳೆ ತೆಗೆದ ರೈತನ ಹೊಲಕ್ಕೂ ಮರುವರ್ಷ ಬೀಜ ಬಂದು ಬೀಳುವುದು ಇಂಥ ನಿವೇಶನ, ರಸ್ತೆಯ ಅಂಚು ಮತ್ತು ಕೆರೆಯ ಏರಿಗಳಿಂದ. ಈ ಗಿಡ ಮುಟ್ಟಿದವರಿಗೆ ಚರ್ಮದ ತುರಿಕೆ, ಪರಾಗದಿಂದ ಅಲರ್ಜಿ ಮತ್ತು ಉಬ್ಬಸ ಬರುವುದೂ ಉಂಟು. ಆದ್ದರಿಂದ ಇದು ಕೃಷಿಯ ಪ್ರಶ್ನೆಯಷ್ಟೇ ಆರೋಗ್ಯದ ಪ್ರಶ್ನೆಯೂ ಹೌದು.

ಇದರ ಜೈವಿಕ ಹತೋಟಿಯ ಇತಿಹಾಸ ಬೆಂಗಳೂರಿನದೇ. ಪಾರ್ಥೇನಿಯಂ ಎಲೆಯನ್ನು ತಿಂದು ಬದುಕುವ ಒಂದು ದುಂಬಿಯನ್ನು ಮೆಕ್ಸಿಕೋದಿಂದ 1983ರಲ್ಲಿ ಬೆಂಗಳೂರಿಗೆ ತಂದು, ಪರೀಕ್ಷಿಸಿ, 1984ರಲ್ಲಿ ಹೊರಗೆ ಬಿಡಲಾಯಿತು. ಮಳೆಗಾಲದಲ್ಲಿ ಎಲೆಗಳೆಲ್ಲ ಜಾಲರಿಯಂತಾದ ಪಾರ್ಥೇನಿಯಂ ಗಿಡಗಳು ಕಂಡರೆ ಅದು ಆ ದುಂಬಿಯ ಕೆಲಸ. ಅಂಥ ಕಡೆ ಔಷಧಿ ಹೊಡೆದು ದುಂಬಿಯನ್ನು ಕೊಲ್ಲಬಾರದು. ಆದರೆ ಬೇಸಿಗೆಯಲ್ಲಿ ದುಂಬಿ ಮಣ್ಣಿನಲ್ಲಿ ಅಡಗಿರುವುದರಿಂದ ಅದೊಂದನ್ನೇ ನಂಬಿ ಕೂರಲಾಗದು.

ಪಂಚಾಯಿತಿ ಪಾಲಿಸಬೇಕಾದ ನಿಯಮ ಒಂದೇ: ಹೂ ಬಿಡುವ ಮುನ್ನ ಕೀಳಬೇಕು. ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ ಕೈಗವಸು ತೊಟ್ಟು ಬೇರುಸಹಿತ ಕಿತ್ತರೆ ಗಿಡ ಸಲೀಸಾಗಿ ಬರುತ್ತದೆ. ಹೂವಿಲ್ಲದ ಗಿಡವನ್ನು ಗುಂಡಿಗೆ ಹಾಕಿ ಕಾಂಪೋಸ್ಟ್ ಮಾಡಬಹುದು. ಹೂ ಬಿಟ್ಟ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಮುಂದೆ ಆ ಗೊಬ್ಬರವೇ ಬೀಜವನ್ನು ಹೊಲಕ್ಕೆ ಸಾಗಿಸುತ್ತದೆ.

5. ರೋಗಗಳು: ಗುರುತು ಮತ್ತು ಹತೋಟಿ

ಎಲೆ ಅಂಗಮಾರಿ: ಇದು ಶಿಲೀಂಧ್ರದಿಂದ ಬರುವ ರೋಗ. ಕೆಳಗಿನ ಎಲೆಗಳಲ್ಲಿ ಎರಡೂ ತುದಿ ಚೂಪಾದ, ಬೂದು ಅಥವಾ ಕಂದು ಬಣ್ಣದ ಉದ್ದನೆಯ ಮಚ್ಚೆಗಳು ಮೂಡುತ್ತವೆ. ಒಂದೊಂದು ಮಚ್ಚೆ 2.5ರಿಂದ 15 ಸೆಂ.ಮೀ.ವರೆಗೆ ಬೆಳೆಯಬಹುದು. ಕ್ರಮೇಣ ಮೇಲಿನ ಎಲೆಗಳಿಗೆ ಏರಿ, ಮಚ್ಚೆಗಳು ಕೂಡಿಕೊಂಡು ಎಲೆ ಸುಟ್ಟಂತೆ ಒಣಗುತ್ತದೆ. ಹಿಂದಿನ ಬೆಳೆಯ ಒಣ ಎಲೆ, ದಂಟುಗಳಲ್ಲಿ ರೋಗಾಣು ಉಳಿದಿರುತ್ತದೆ. ಸೂಲಂಗಿ ಬರುವ ಮುನ್ನವೇ ಮಚ್ಚೆಗಳು ಕಂಡರೆ ಲೀಟರ್ ನೀರಿಗೆ 2.5 ಗ್ರಾಂ ಮ್ಯಾಂಕೋಜೆಬ್ ಬೆರೆಸಿ ಸಿಂಪಡಿಸಿ, 10ರಿಂದ 15 ದಿನಗಳ ನಂತರ ಅಗತ್ಯವಿದ್ದರೆ ಮತ್ತೊಮ್ಮೆ ಸಿಂಪಡಿಸಬೇಕು. ಕಾಳು ಗಟ್ಟಿಯಾದ ಮೇಲೆ ರೋಗ ಬಂದರೆ ಸಿಂಪಡಣೆಯಿಂದ ಇಳುವರಿ ಹೆಚ್ಚದು, ಅದು ದುಂದುವೆಚ್ಚ.

ಕೇದಿಗೆ ರೋಗ: ಎಳೆಯ ಗಿಡದ ಎಲೆಗಳು ಕಿರಿದಾಗಿ, ನೆಟ್ಟಗೆ ನಿಂತು, ಉದ್ದುದ್ದನೆಯ ಬಿಳಿಚಿದ ಪಟ್ಟೆಗಳಿಂದ ಕೂಡಿರುತ್ತವೆ. ಬೆಳಗಿನ ಹೊತ್ತು ಎಲೆಯ ಕೆಳಭಾಗವನ್ನು ನೋಡಿದರೆ ಬಿಳಿಯ ಬೂಜು ಕಾಣುತ್ತದೆ. ಬಿಸಿಲೇರಿದ ಮೇಲೆ ಅದು ಕಾಣುವುದಿಲ್ಲ. ಮೊದಲ ಮೂರು ನಾಲ್ಕು ವಾರಗಳಲ್ಲಿ ಸೋಂಕು ತಗಲಿದ ಗಿಡದಲ್ಲಿ ಸೂಲಂಗಿ ವಿಕಾರವಾಗಿ, ತೆನೆ ಕಟ್ಟುವುದೇ ಇಲ್ಲ. ಇದರ ರೋಗಾಣು ಬಿಳಿ ಜೋಳಕ್ಕೂ ಕಾಡು ಜೋಳಕ್ಕೂ ತಗಲುತ್ತದೆ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ಮೇವಿನ ಜೋಳ ಬೆಳೆದ ನೆಲದಲ್ಲಿ ಮರುಬೆಳೆಯಾಗಿ ಮುಸುಕಿನ ಜೋಳ ಹಾಕುವುದು ಅಪಾಯಕಾರಿ. ರೋಗದ ಗಿಡ ಕಂಡೊಡನೆ ಕಿತ್ತು ಹೂಳಬೇಕು ಅಥವಾ ಸುಡಬೇಕು. ಬದುವಿನ ಮೇಲಿನ ಕಾಡು ಜೋಳವನ್ನೂ ತೆಗೆಯಬೇಕು. ಕಳೆಯನ್ನು ಕೀಳುವುದೇ ರೋಗದ ಹತೋಟಿಯೂ ಆಗುವ ಪ್ರಸಂಗ ಇದು.

ತುಕ್ಕು ರೋಗ: ಎಲೆಯ ಎರಡೂ ಬದಿಗಳಲ್ಲಿ ಕಂದುಗೆಂಪು ಬಣ್ಣದ ಸಣ್ಣ ಗುಳ್ಳೆಗಳು. ಬೆರಳಿನಿಂದ ಒರೆಸಿದರೆ ತುಕ್ಕಿನ ಪುಡಿ ಹತ್ತುತ್ತದೆ. ತಂಪು ದಿನಗಳಲ್ಲಿ ಹೆಚ್ಚು. ಅಂಗಮಾರಿಗೆ ಹೇಳಿದ ಮ್ಯಾಂಕೋಜೆಬ್ ಸಿಂಪಡಣೆ ಇದಕ್ಕೂ ಅನ್ವಯಿಸುತ್ತದೆ.

ಎಲೆ ಕವಚದ ಅಂಗಮಾರಿ: ನೆಲಕ್ಕೆ ಹತ್ತಿರದ ಎಲೆ ಕವಚಗಳ ಮೇಲೆ ಪಟ್ಟೆ ಪಟ್ಟೆಯಾಗಿ ಒಣಗಿದ ಗುರುತುಗಳು ಮೂಡಿ ತೆನೆಯತ್ತ ಏರುತ್ತವೆ. ಕೆಳಗಿನ ಎರಡು ಮೂರು ಎಲೆಗಳನ್ನು ಕವಚಸಹಿತ ಕಿತ್ತು ತೆಗೆದು, ನೀರು ನಿಲ್ಲದಂತೆ ನೋಡಿಕೊಂಡರೆ ಹತೋಟಿಗೆ ಬರುತ್ತದೆ.

ಕಾಂಡ ಕೊಳೆ ರೋಗ: ಹೂ ಬಿಟ್ಟ ಮೇಲೆ ಗಿಡ ಇದ್ದಕ್ಕಿದ್ದಂತೆ ಒಣಗಿ, ಬುಡದ ಗೆಣ್ಣುಗಳು ಮೆತ್ತಗಾಗಿ ಮುರಿದು ಬೀಳುತ್ತದೆ. ಕಾಂಡವನ್ನು ಸೀಳಿದರೆ ಒಳಗಿನ ಬೆಂಡು ಕೊಳೆತಿರುತ್ತದೆ, ಕೆಲವೊಮ್ಮೆ ಇದ್ದಿಲಿನಂತೆ ಕಪ್ಪಾಗಿರುತ್ತದೆ. ಹೂ ಬಿಡುವ ಕಾಲದಲ್ಲಿ ನೀರಿನ ಕೊರತೆ, ಪೊಟ್ಯಾಷ್ ಕೊರತೆ, ಅತಿ ಒತ್ತು ಬಿತ್ತನೆ ಇದಕ್ಕೆ ಕಾರಣಗಳು. ಇದಕ್ಕೆ ಸಿಂಪಡಣೆಯ ಮದ್ದಿಲ್ಲ. ಕೃಷಿ ಹೊಂಡದ ನೀರಿನಿಂದ ಸೂಲಂಗಿಯ ಹಂತದಲ್ಲಿ ಒಂದು ತಂಪು ಕೊಡುವುದು ಯಾವ ಔಷಧಿಗಿಂತಲೂ ಮೇಲು.

6. ರೋಗವಲ್ಲದ ರೋಗಗಳು

ಅನೇಕ ಸಲ ಪೋಷಕಾಂಶದ ಕೊರತೆಯನ್ನೇ ರೋಗವೆಂದು ತಿಳಿದು ರೈತರು ಔಷಧಿ ಕೊಳ್ಳುತ್ತಾರೆ. ಕೆಳಗಿನ ಎಲೆಯ ತುದಿಯಿಂದ ನಡುನರದ ಗುಂಟ ಹಳದಿಯಾಗುತ್ತ ಬಂದರೆ ಅದು ಸಾರಜನಕದ ಕೊರತೆ. ಎಲೆಯ ಅಂಚು ಮಾತ್ರ ಸುಟ್ಟಂತೆ ಒಣಗಿದರೆ ಪೊಟ್ಯಾಷ್ ಕೊರತೆ. ಎಳೆಯ ಗಿಡದ ಎಲೆಗಳು ನೇರಳೆ ಬಣ್ಣಕ್ಕೆ ತಿರುಗಿದರೆ ರಂಜಕದ ಕೊರತೆ. ಸುಳಿಯ ಹೊಸ ಎಲೆಗಳ ಬುಡ ಬೆಳ್ಳಗಾದರೆ ಸತುವಿನ ಕೊರತೆ. ಬಿತ್ತುವಾಗ ಎಕರೆಗೆ 4 ಕೆ.ಜಿ. ಸತುವಿನ ಸಲ್ಫೇಟ್ ಕೊಟ್ಟಿದ್ದರೆ ಇದು ಬರುವುದಿಲ್ಲ. ಕೇದಿಗೆ ರೋಗದ ಬಿಳಿಚಿದ ಪಟ್ಟೆಗೂ ಸತುವಿನ ಕೊರತೆಗೂ ವ್ಯತ್ಯಾಸ ತಿಳಿಯಲು ಬೆಳಗಿನ ಬೂಜನ್ನು ನೋಡುವುದೇ ಸುಲಭೋಪಾಯ. ಗುರುತು ಸಿಗದಿದ್ದರೆ ಗಿಡವನ್ನು ಬೇರುಸಹಿತ ಕಾಗದದಲ್ಲಿ ಸುತ್ತಿ ರೈತ ಸಂಪರ್ಕ ಕೇಂದ್ರಕ್ಕೆ ಒಯ್ಯಬೇಕು.

7. ಫಾಲ್ ಸೈನಿಕ ಹುಳು

ಇದು ರೋಗವಲ್ಲ, ಕೀಟ. ಆದರೆ ಇದನ್ನು ಬಿಟ್ಟು ಮುಸುಕಿನ ಜೋಳದ ಪಾಠ ಪೂರ್ಣವಾಗದು. ಅಮೆರಿಕ ಖಂಡದ ಈ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ಕರ್ನಾಟಕದ ಶಿವಮೊಗ್ಗದಲ್ಲಿ. ಅದೇ ವರ್ಷ ಜುಲೈನಲ್ಲಿ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯು ಚಿಕ್ಕಬಳ್ಳಾಪುರ ಜಿಲ್ಲೆಯ ಹೊಲಗಳಲ್ಲೂ ಅದನ್ನು ಗುರುತಿಸಿ ಎಚ್ಚರಿಕೆ ನೀಡಿತು. ಸುಳಿಯಲ್ಲಿ ಹುಳು, ಎಲೆಗಳಲ್ಲಿ ಸಾಲು ತೂತು, ಮರದ ಪುಡಿಯಂಥ ಹಿಕ್ಕೆ ಇದರ ಗುರುತು. ಹುಳುವಿನ ತಲೆಯ ಮೇಲೆ ತಲೆಕೆಳಗಾದ ‘ವೈ’ ಅಕ್ಷರದಂಥ ಗೆರೆ, ಬಾಲದ ಬಳಿ ಚೌಕವಾಗಿ ನಾಲ್ಕು ಚುಕ್ಕೆಗಳಿರುತ್ತವೆ. ಎಕರೆಗೆ 4ರಿಂದ 5 ಮೋಹಕ ಬಲೆಗಳನ್ನಿಟ್ಟು ಪತಂಗದ ಆಗಮನ ತಿಳಿಯಬೇಕು. ಮೊಟ್ಟೆಯ ಗುಂಪುಗಳನ್ನು ಕೈಯಿಂದ ಹಿಸುಕಬೇಕು. ಎಳೆಯ ಹುಳುವಿಗೆ ಬೇವಿನ ಬೀಜದ ಶೇ. 5ರ ಕಷಾಯ ಸಾಕಾಗುತ್ತದೆ. ಬಾಧೆ ಹೆಚ್ಚಿದರೆ ಲೀಟರಿಗೆ 0.4 ಗ್ರಾಂ ಎಮಾಮೆಕ್ಟಿನ್ ಬೆಂಜೊಯೇಟನ್ನು ಸುಳಿಯೊಳಗೆ ಬೀಳುವಂತೆ, ಸಂಜೆಯ ಹೊತ್ತು ಸಿಂಪಡಿಸಬೇಕು.

ಹಸಿರು ಮೇವಿಗಾಗಿ ಹದಿನೈದು ದಿನಕ್ಕೊಂದು ತಾಕಿನಂತೆ ವರ್ಷವಿಡೀ ಬಿತ್ತುವ ಹೈನುಗಾರರ ರೂಢಿಯಿಂದ ಹುಳುವಿಗೂ ಅಂಗಮಾರಿಗೂ ಎಂದೂ ಆಹಾರ ತಪ್ಪುವುದಿಲ್ಲ; ಹಳೆಯ ತಾಕಿನಿಂದ ಹೊಸ ತಾಕಿಗೆ ಬಾಧೆ ದಾಟುತ್ತಲೇ ಇರುತ್ತದೆ. ವರ್ಷದಲ್ಲಿ ಒಂದು ಅವಧಿಗಾದರೂ ಊರಿನವರೆಲ್ಲ ಒಟ್ಟಾಗಿ ಮುಸುಕಿನ ಜೋಳವನ್ನು ಬಿಟ್ಟು ಅಲಸಂದೆ ಮೇವು ಅಥವಾ ನೇಪಿಯರ್ ಹುಲ್ಲನ್ನು ನೆಚ್ಚಿಕೊಂಡರೆ ಆ ಸರಪಳಿ ಕಡಿಯುತ್ತದೆ. ಮೇವಿನ ಬೀಜ ಮತ್ತು ಸಲಹೆಗಾಗಿ ಹೆಸರಘಟ್ಟದ ಪ್ರಾದೇಶಿಕ ಮೇವು ಕೇಂದ್ರ ಸಮೀಪದಲ್ಲಿಯೇ ಇದೆ.

8. ಔಷಧಿ, ಹಸಿ ತೆನೆ ಮತ್ತು ಹಾಲು

ಕಾಳಿನ ಬೆಳೆಗೂ ಹಸಿ ತೆನೆ, ಮೇವಿನ ಬೆಳೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಹಸಿ ತೆನೆಯನ್ನು ಕಿತ್ತ ದಿನವೇ ಜನ ತಿನ್ನುತ್ತಾರೆ. ಮೇವನ್ನು ಕೊಯ್ದ ದಿನವೇ ಹಸು ತಿನ್ನುತ್ತದೆ, ಮರುದಿನ ಅದರ ಹಾಲು ಮಕ್ಕಳ ಲೋಟ ಸೇರುತ್ತದೆ. ಆದ್ದರಿಂದ ಪ್ರತಿ ಔಷಧಿಯ ಚೀಟಿಯಲ್ಲಿ ಮುದ್ರಿಸಿರುವ, ಸಿಂಪಡಣೆಯಿಂದ ಕೊಯ್ಲಿನವರೆಗಿನ ಕಾಯುವ ಅವಧಿಯನ್ನು ಒಂದು ದಿನವೂ ಕಡಿಮೆ ಮಾಡತಕ್ಕದ್ದಲ್ಲ. ಮೇವಿನ ಬೆಳೆಗೆ ಸಾಧ್ಯವಾದಷ್ಟೂ ಬೇವು ಮತ್ತು ಜೈವಿಕ ಕ್ರಮಗಳೇ ಇರಲಿ. ಕಳೆನಾಶಕ ಬಿದ್ದ ಹುಲ್ಲನ್ನು ದನಕ್ಕೆ ಹಾಕಬಾರದು.

ಔಷಧಿಯ ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ಅದರ ವಿಷದ ಮಟ್ಟವನ್ನು ತಿಳಿಸುತ್ತದೆ: ಕೆಂಪು ಅತಿ ತೀವ್ರ, ಹಳದಿ ತೀವ್ರ, ನೀಲಿ ಮಧ್ಯಮ, ಹಸಿರು ಅಲ್ಪ. ಪರವಾನಗಿ ಇರುವ ಅಂಗಡಿಯಲ್ಲಿ ರಸೀದಿ ಪಡೆದೇ ಕೊಳ್ಳಬೇಕು. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ತೊಳೆದ ನೀರನ್ನು ಕ್ಯಾನಿಗೇ ಸುರಿದು, ಡಬ್ಬಿಗೆ ತೂತು ಮಾಡಿ ಪ್ರತ್ಯೇಕವಾಗಿ ಇಡಬೇಕು. ಕೆರೆ, ಕಾಲುವೆಗೆ ಎಸೆಯಬಾರದು. ಸಿಂಪಡಿಸಿದವರಿಗೆ ತಲೆ ಸುತ್ತು, ವಾಂತಿ ಕಂಡರೆ ಔಷಧಿಯ ಚೀಟಿಯ ಸಮೇತ ಆಸ್ಪತ್ರೆಗೆ ಕರೆದೊಯ್ಯಬೇಕು.

ಕೊಯ್ಲಾದ ಕಾಳನ್ನು ತೇವಾಂಶ ಶೇ. 12ಕ್ಕೆ ಇಳಿಯುವವರೆಗೆ ಒಣಗಿಸಿ ಇಡಬೇಕು. ಹಸಿಯಾಗಿ ಕೂಡಿಟ್ಟ ಕಾಳಿನಲ್ಲಿ ಬೆಳೆಯುವ ಬೂಷ್ಟಿನಿಂದ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಕೋಳಿ ಮತ್ತು ದನಗಳಿಗೆ ಮಾರಕ, ಹಾಲಿಗೂ ಇಳಿಯುತ್ತದೆ.

9. ಗ್ರಾಮ ಪಂಚಾಯಿತಿ ಮಾಡಬಹುದಾದ ಕಾರ್ಯಗಳು

1. ಮೇ ತಿಂಗಳ ವಾರ್ಡ್ ಸಭೆಯಲ್ಲಿ ಬಿತ್ತನೆಯ ಕಾಲವನ್ನು ಚರ್ಚಿಸಿ, ಒಂದು ಬಯಲಿನ ರೈತರು ಎರಡು ವಾರಗಳೊಳಗೆ ಬಿತ್ತನೆ ಮುಗಿಸುವಂತೆ ಒಪ್ಪಂದಕ್ಕೆ ಬರುವುದು.

2. ಜೂನ್, ಜುಲೈ ತಿಂಗಳುಗಳಲ್ಲಿ ರಸ್ತೆಯಂಚು, ಶಾಲೆಯ ಆವರಣ, ಕೆರೆಯ ಏರಿಗಳ ಪಾರ್ಥೇನಿಯಂ ಅನ್ನು ಹೂವಿಗೆ ಮುನ್ನ ಕೀಳಿಸುವುದು. ಖಾಲಿ ನಿವೇಶನಗಳ ಮಾಲೀಕರ ಪಟ್ಟಿ ಮಾಡಿ ಸ್ವಚ್ಛಗೊಳಿಸುವಂತೆ ತಿಳಿವಳಿಕೆ ಪತ್ರ ನೀಡುವುದು.

3. ಉದ್ಯೋಗ ಖಾತರಿಯ ಕ್ರಿಯಾ ಯೋಜನೆಯಲ್ಲಿ ಕೃಷಿ ಹೊಂಡ, ಬದು, ಎರೆಹುಳು ಗೊಬ್ಬರದ ತೊಟ್ಟಿಗಳಿಗೆ ಆದ್ಯತೆ ಕೊಡುವುದು.

4. ಹೋಬಳಿಯ ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿಯನ್ನು ಆಗಸ್ಟ್ ತಿಂಗಳಲ್ಲಿ ಒಮ್ಮೆ ಹೊಲಕ್ಕೇ ಕರೆಸಿ ರೋಗ ಗುರುತಿಸುವ ತರಬೇತಿ ನಡೆಸುವುದು. ಹೊಲದಲ್ಲಿ ದುಡಿಯುವ ಮಹಿಳೆಯರು ಆ ತರಬೇತಿಯಲ್ಲಿ ಇರುವಂತೆ ನೋಡಿಕೊಳ್ಳುವುದು. ಕಳೆ ಕೀಳುವ ಕೈಗಳೇ ರೋಗವನ್ನು ಮೊದಲು ಕಾಣುವುದು.

5. ಬೆಳೆ ಸಮೀಕ್ಷೆಯಲ್ಲಿ ಮುಸುಕಿನ ಜೋಳ ಸರಿಯಾಗಿ ದಾಖಲಾಗಿದೆಯೇ ಎಂದು ಪರಿಶೀಲಿಸುವಂತೆ ರೈತರಿಗೆ ನೆನಪಿಸುವುದು. ದಾಖಲೆಯಲ್ಲಿ ಬೇರೆ ಬೆಳೆ ಇದ್ದರೆ ಬೆಳೆ ವಿಮೆ, ಪರಿಹಾರಗಳಿಗೆ ತೊಡಕಾಗುತ್ತದೆ.

6. ಪಂಚಾಯಿತಿ ಕಚೇರಿಯ ಫಲಕದಲ್ಲಿ ಕಿಸಾನ್ ಕಾಲ್ ಸೆಂಟರಿನ ಉಚಿತ ದೂರವಾಣಿ 1800-180-1551 ಅನ್ನು ಬರೆಸುವುದು.

10. ಬೆಳೆಯ ದಿನಚರಿ

ಬಿತ್ತನೆಗೆ ಮುನ್ನ: ಆಳವಾದ ಉಳುಮೆ, ಕೊಟ್ಟಿಗೆ ಗೊಬ್ಬರ, ಮಣ್ಣು ಪರೀಕ್ಷೆ.
0ರಿಂದ 3ನೆಯ ದಿನ: ಬೀಜೋಪಚಾರ, ಬಿತ್ತನೆ, ಅಗತ್ಯವಿದ್ದರೆ ಮೊಳಕೆಗೆ ಮುನ್ನಿನ ಕಳೆನಾಶಕ.
15ರಿಂದ 20ನೆಯ ದಿನ: ಮೊದಲ ಎಡೆಕುಂಟೆ, ಹೆಚ್ಚುವರಿ ಸಸಿ ಕೀಳುವುದು, ಕೇದಿಗೆ ರೋಗ ಮತ್ತು ಸೈನಿಕ ಹುಳುವಿನ ತಪಾಸಣೆ.
30ರಿಂದ 35ನೆಯ ದಿನ: ಎರಡನೆಯ ಎಡೆಕುಂಟೆ, ಯೂರಿಯಾ ಮೇಲುಗೊಬ್ಬರ, ಮಣ್ಣು ಏರಿಸುವುದು.
40ರಿಂದ 55ನೆಯ ದಿನ: ಎಲೆ ಅಂಗಮಾರಿ, ತುಕ್ಕು ರೋಗಗಳ ತಪಾಸಣೆ, ಕಂಡರೆ ಸಿಂಪಡಣೆ.
ಸೂಲಂಗಿಯ ಹಂತ: ತೇವ ಕಾಪಾಡುವುದು.
ಕೊಯ್ಲಿನ ನಂತರ: ರೋಗದ ದಂಟುಗಳ ವಿಲೇವಾರಿ, ಕಾಳು ಒಣಗಿಸುವುದು, ಬೆಳೆ ಬದಲಾವಣೆ.

ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ಪಂಚಾಯಿತಿ ವ್ಯಾಪ್ತಿಯಲ್ಲಿ ಮುಸುಕಿನ ಜೋಳವನ್ನು ಕಾಳಿಗೆ ಬೆಳೆಯುವವರು ಎಷ್ಟು, ಮೇವಿಗೆ ಬೆಳೆಯುವವರು ಎಷ್ಟು?
2. ಕಳೆದ ಮುಂಗಾರಿನಲ್ಲಿ ಕೇದಿಗೆ ರೋಗ ಕಂಡ ಹೊಲಗಳು ಯಾವುವು? ಅಲ್ಲಿ ಈ ವರ್ಷ ಯಾವ ಬೆಳೆ ಯೋಜಿಸಲಾಗಿದೆ?
3. ಕುಡಿಯುವ ನೀರಿನ ಕೊಳವೆ ಬಾವಿಗಳ ಬಳಿ ಕಳೆನಾಶಕ ಬಳಸುವ ಹೊಲಗಳಿವೆಯೇ?
4. ಪಾರ್ಥೇನಿಯಂ ತುಂಬಿದ ಖಾಲಿ ನಿವೇಶನಗಳು ಯಾವ ವಾರ್ಡಿನಲ್ಲಿ ಹೆಚ್ಚು? ಅವು ಹೂ ಬಿಡುವ ಮುನ್ನ ಕೀಳಿಸುವ ಹೊಣೆ ಯಾರದು, ಯಾವ ದಿನಾಂಕದೊಳಗೆ?

ನಾಲ್ಕನೆಯ ಪ್ರಶ್ನೆಗೆ ಉತ್ತರ ಬರೆಯುವಾಗ ಹೊಣೆ ಹೊತ್ತ ಸದಸ್ಯರ ಹೆಸರನ್ನೂ ದಿನಾಂಕವನ್ನೂ ಸಭೆಯ ನಡವಳಿ ಪುಸ್ತಕದಲ್ಲಿ ದಾಖಲಿಸತಕ್ಕದ್ದು. ಮುಂದಿನ ಸಭೆಯಲ್ಲಿ ಮೊದಲು ಓದಬೇಕಾದುದು ಆ ಸಾಲನ್ನೇ.